ಕರೆಂಟು ಹೋಗದ ದಿನ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮುಖ್ಯವಾದ ಮಾತನ್ನೆಲ್ಲ ಕರೆಂಟು ಹೋದಾಗಲೇ ಆಡುವುದು. ಒಂದೊಂದು ಮನೆಯಲ್ಲೂ ನಾಲ್ಕೈದು ವಿದ್ಯುತ್ ಮಗ್ಗ. ಅವು ಓಡುತ್ತಿದ್ದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳದು. ಊಟಕ್ಕೆ ಬಾ, ನೂಲು ಕಿತ್ತಿದೆ ನೋಡು, ಇಷ್ಟಕ್ಕೆಲ್ಲ ಬಾಯಿ ಆಡಿಸಿ ಕೈ ತೋರಿಸಿದರೆ ಸಾಕು. ಹೆಣ್ಣು ಕೇಳುವುದಕ್ಕೆ, ಆಸ್ತಿ ಪಾಲು ಎತ್ತುವುದಕ್ಕೆ, ಮುನಿಸು ತೀರಿಸಿಕೊಳ್ಳುವುದಕ್ಕೆ ಮಾತ್ರ ಕರೆಂಟು ಹೋಗುವವರೆಗೆ ಕಾಯಬೇಕು. ಅರ್ಪಿತ ಬೆಳಗ್ಗೆ ಏಳರಿಂದ ಕಾಯುತ್ತಿದ್ದಳು. ಹಾಳಾದ ಕರೆಂಟು, ದಿನಕ್ಕೆ ಮೂರು ಸಲ ಹೋಗುವಂಥದ್ದು, ಅವತ್ತು ಮಾತ್ರ ಗೂಟ ಹೊಡೆದುಕೊಂಡು ಕೂತಿತ್ತು.

ಅಪ್ಪನಿಗೆ ಹೇಳಬೇಕಾದದ್ದು ಒಂದೇ ಮಾತು. ಎರಡು ವರ್ಷ ಓದಿದ ಇಂಜಿನಿಯರಿಂಗ್ ಬಿಟ್ಟು, ಕಿವಿ ಪರೀಕ್ಷೆ ಮಾಡುವ, ಕಿವಿ ಕೇಳದವರಿಗೆ ಚಿಕಿತ್ಸೆ ಕೊಡುವ ಕೋರ್ಸಿಗೆ ಸೇರುತ್ತೇನೆ. ಬೆಂಗಳೂರಿನಲ್ಲಿ ಸೀಟೂ ಸಿಕ್ಕಿತ್ತು. ಸೇರಲು ನಾಳೆಯೇ ಕೊನೆಯ ದಿನ. ಆದರೆ ಅವಳ ಅಂಕಪಟ್ಟಿಗಳೆಲ್ಲ ಇಂಜಿನಿಯರಿಂಗ್ ಕಾಲೇಜಿನ ಬೀರುವಿನಲ್ಲಿದ್ದವು. ತಂದೆ ಬಂದು ಸಹಿ ಹಾಕದೆ ಕೊಡುವುದಿಲ್ಲ ಎಂದು ಆಫೀಸಿನವರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಅಪ್ಪ ದೇವರಾಜ್ ಕೆಟ್ಟವನಲ್ಲ, ಆದರೆ ಮಗಳ ಓದಿನ ವಿಷಯ ಬಂದರೆ ಅವನ ಕಾಲು ನೆಲದ ಮೇಲಿರುತ್ತಿರಲಿಲ್ಲ. "ನಮ್ಮುಡುಗಿ ಮಾತು ಗಮನಿಸಿದ್ಯಾ ಗುರು? ಮೊದ್ಲು ನಮ್ ಥರಾನೇ ಗಂಟ್ಲು ಹರ್ಕೊಳ್ತಿದ್ಲು. ಇಂಜಿನಿಯರಿಂಗ್ ಸೇರಿದ್ ಮೇಲೆ ಎಷ್ಟು ಮೆತ್ತಗಾಗವ್ಳೆ! ಓದ್ದೋರ ಮಾತು ಅಂದ್ರೆ ಹಂಗೇ ಕಣೋ" ಎಂದು ಟೀ ಅಂಗಡಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅದನ್ನು ಕೇಳಿ ಕೇಳಿ ಅರ್ಪಿತಳೂ ಇದ್ದರೂ ಇರಬಹುದು ಅಂದುಕೊಂಡಿದ್ದಳು. ಅಂಥ ಅಪ್ಪನ ಮುಂದೆ ಓದು ಬಿಡುತ್ತೇನೆ ಅನ್ನುವುದು ಹೇಗೆ?

ಇದಕ್ಕೆಲ್ಲ ಕಾರಣ ಫೆಬ್ರವರಿಯಲ್ಲಿ ನೇಕಾರರ ಸಂಘದ ಕಟ್ಟಡದಲ್ಲಿ ನಡೆದ ಕಿವಿ ಪರೀಕ್ಷೆಯ ಶಿಬಿರ. ಬಂದವರ ಹೆಸರು ಬರೆದುಕೊಳ್ಳಲು ಕೂತಿದ್ದಳು, ಅಷ್ಟೇ. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತಿ ಎಂದರೆ ಬೀದಿಯ ಗಂಡಸರು ಪರೀಕ್ಷೆ ಮಾಡುವವಳ ಬೆರಳನ್ನೇ ನೋಡುತ್ತ, ಅವಳು ಗುಂಡಿ ಒತ್ತಿದ ಕೂಡಲೇ ಕೈ ಎತ್ತುತ್ತಿದ್ದರು. ಮೋಸವಲ್ಲ, ಮಗ್ಗದ ಮನೆಯ ಅಭ್ಯಾಸ. ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದ ಮೇಲೆ ಒಂದು ಕೈಯೂ ಮೇಲೇಳಲಿಲ್ಲ. ಮುದುಕ ಅಪ್ಪಯ್ಯಣ್ಣನ ಕಿವಿಗೆ ಯಂತ್ರ ಹಾಕಿ ನಾಲ್ಕು ಹೆಜ್ಜೆ ನಡೆಸಿದಾಗ ಅವನು ನಿಂತುಬಿಟ್ಟ. "ನನ್ ಚಪ್ಲಿ ಸದ್ದು ಮಾಡ್ತದೆ ಕಣಮ್ಮ" ಎಂದು ಅರ್ಪಿತಳ ಕೈ ಹಿಡಿದುಕೊಂಡು ಅತ್ತ. ಆಮೇಲೆ ಅವಳಿಗೆ ಕ್ಲಾಸಿನಲ್ಲಿ ಕೂರಲು ಆಗಲಿಲ್ಲ. ಬೋರ್ಡಿನ ಮೇಲೆ ಏನೋ ಓಡುತ್ತಿತ್ತು, ಅವಳ ತಲೆಯಲ್ಲಿ ಆ ಚಪ್ಪಲಿ ನಡೆಯುತ್ತಿತ್ತು. ಮೂರು ತಿಂಗಳು ಹೀಗೇ ಕಳೆದು, ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು.

ಹನ್ನೆರಡಾಯಿತು, ಒಂದಾಯಿತು. ಅರ್ಪಿತ ಬಾಗಿಲಿಗೆ ಹೋದಳು, ನೀರು ಕುಡಿದಳು, ಬಲ್ಬು ನೋಡಿದಳು, ಮತ್ತೆ ಬಾಗಿಲಿಗೆ ಹೋದಳು. "ಕಾಲಿಗೇನು ಚಕ್ರ ಕಟ್ಕೊಂಡಿದ್ಯೇನೇ?" ಎಂದು ಅಮ್ಮ ಭಾಗ್ಯಮ್ಮ ಅಡುಗೆಮನೆಯಿಂದಲೇ ಕೈ ಮಾಡಿ ಕೇಳಿದಳು. ಎರಡೂವರೆಗೆ ಅರ್ಪಿತಳ ತಾಳ್ಮೆ ಕಿತ್ತುಹೋಯಿತು. ನೆಟ್ಟಗೆ ಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟಳು.

ಮಗ್ಗದ ಮನೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನಡುವೆ ನಿಂತ ಸೀರೆಗೆ ಅಡ್ಡ ಗೆರೆ ಬೀಳುತ್ತದೆ. ಕರೆಂಟು ಹೋಗಿ ಬಿದ್ದ ಗೆರೆಗಾದರೆ ಲೈನ್‌ಮನ್‌ನನ್ನು ಬೈಯಬಹುದು. ಮಗಳೇ ಬೀಳಿಸಿದ ಗೆರೆಗೆ?

ನಾಲ್ಕೂ ಮಗ್ಗ ನಿಂತವು. ದೇವರಾಜ್ ತಿರುಗಿ, ಸ್ವಿಚ್ಚಿನ ಮೇಲಿದ್ದ ಅವಳ ಕೈ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಅರ್ಪಿತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಇಂಜಿನಿಯರಿಂಗ್ ಬಿಟ್ಟು ಜನದ ಕಿವಿ ನೋಡ್ತೀಯಾ? ಜನದ ಕಿವಿಗೇನಾಗದೆ? ಆಗಲ್ಲ ಅಂದ್ರೆ ಆಗಲ್ಲ" ಎಂದು ಬೆನ್ನು ತಿರುಗಿಸಿ, ಗೆರೆ ಬಿದ್ದ ಸೀರೆಯ ಮೇಲೆ ಬಗ್ಗಿದ.

"ಅಪ್ಪಾ, ಒಂದ್ನಿಮಿಷ ಕೇಳು" ಎಂದಳು. ಅವನು ನೂಲು ಸವರುತ್ತಿದ್ದ. "ನನಗೆ ಅಲ್ಲಿ ಕೂರಕ್ಕೇ ಆಗ್ತಿಲ್ಲಪ್ಪಾ. ಬಿ.ಇ. ಮುಗ್ಸಿದ್ರೂ ನಾನು ಆ ಕೆಲ್ಸ ಮಾಡಲ್ಲ." ಅವನು ತಿರುಗಲಿಲ್ಲ. ಇಷ್ಟೊಂದು ಹಟವೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು. "ಅಪ್ಪಾ! ನನ್ ಮಾತಿಗೆ ಬೆಲೇನೇ ಇಲ್ವಾ?" ಎಂದು ಗಂಟಲು ಹರಿಯುವ ಹಾಗೆ ಕಿರುಚಿದಳು. ಭಾಗ್ಯಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಒಳಗೆ ಇಣುಕಿದರು. ದೇವರಾಜ್ ಮಾತ್ರ ನಿಧಾನವಾಗಿ ಒಂದು ಎಳೆ ಆರಿಸಿ, ಗಂಟು ಹಾಕಿ, ತುದಿ ಕತ್ತರಿಸಿದ.

ಅರ್ಪಿತಳ ಕೋಪ ಅಲ್ಲೇ ಇಳಿದುಹೋಯಿತು. ಬೀದಿಯವರ ಕಿವಿಯನ್ನೆಲ್ಲ ಬರೆದುಕೊಂಡು ಬಂದವಳಿಗೆ ಮನೆಯ ಕಿವಿ ಕಂಡಿರಲಿಲ್ಲ. ಅವಳು ಅಳಲು ಶುರು ಮಾಡಿದಳು.

ನೆಲದ ಮೇಲೆ ಹೆಂಡತಿಯ ನೆರಳು ಬಿದ್ದದ್ದು ಕಂಡು ದೇವರಾಜ್ ತಿರುಗಿದ. "ಏನು?" ಎಂದ.

ಭಾಗ್ಯಮ್ಮ ಅವನ ಎದುರಿಗೆ ಬಂದಳು. "ಅವಾಗಿಂದ ನಿಮ್ ಬೆನ್ ಹಿಂದೇನೇ ಕೂಗ್ತಾವ್ಳೆ ರೀ. ಬೀದಿಗೆಲ್ಲ ಕೇಳ್ತು."

"ಕೂಗಿದ್ಲಾ?"

ಅವನು ಮಗಳ ಕಡೆ ನೋಡಿದ, ಇಣುಕುತ್ತಿದ್ದವರ ಕಡೆ ನೋಡಿದ, ನಿಂತ ಮಗ್ಗಗಳ ಕಡೆ ನೋಡಿದ. ಕತ್ತರಿ ಕೈಯಲ್ಲೇ ಇತ್ತು.

"ನೀನು ಮೆತ್ತಗಾಗಿದೀಯ ಅಂದ್ಕೊಂಡಿದ್ನಲ್ಲಮ್ಮಾ" ಎಂದ. "ಊರಿಗೆಲ್ಲ ಹೇಳ್ಕೊಂಡ್ ಬಂದೆ."

ದೇವರಾಜ್ ಸ್ವಿಚ್ಚಿನ ಬಳಿಗೆ ಹೋಗಿ ಅದರ ಮೇಲೆ ಕೈಯಿಟ್ಟ. ಹಾಕಲಿಲ್ಲ.

"ಸಹಿ ಹಾಕಕ್ಕೆ ನಾಳೆ ಎಷ್ಟೊತ್ತಿಗೆ ಹೋಗ್ಬೇಕು ಕಾಲೇಜಿಗೆ?" ಎಂದು ಕೇಳಿ, ಅವಳ ಬಾಯನ್ನೇ ನೋಡುತ್ತ ನಿಂತ.

ಅರ್ಪಿತ ಕಣ್ಣು ಒರೆಸಿಕೊಂಡು ಅವನ ಎದುರಿಗೆ ಬಂದಳು. "ಎಂಟು ಗಂಟೆಗೆ ಅಪ್ಪಾ" ಎಂದು ನಿಧಾನವಾಗಿ, ತುಟಿ ಬಿಡಿಸಿ ಹೇಳಿದಳು.