ಮೂರನೆಯ ನೀರು

ಚಿಕ್ಕಮ್ಮನ ಕೈಯಿಂದ ಮಗಳು ಬುಟ್ಟಿ ಕಿತ್ತುಕೊಂಡಳು. ಅರ್ಧ ಸೊಪ್ಪು ಆಗಲೇ ಕಸದ ಡಬ್ಬಕ್ಕೆ ಬಿದ್ದಿತ್ತು. ಅದನ್ನೂ ಬಾಚಿ ಎತ್ತಿದಳು.

"ಏನೇ ಇದು, ತಾಯೀನ ಒಳಗೆ ಮಲಗಿಸಿಟ್ಟು ಸೊಪ್ಪಿಗೆ ಜಗಳಾನಾ?" ಚಿಕ್ಕಮ್ಮ ದನಿ ತಗ್ಗಿಸಿದಳು. "ಬಂದವರ ಕಣ್ಣಿಗೆ ಬೀಳೋದು ಬೇಡ ಅಂತ ಎಸೆದೆ. ಇದನ್ನೇ ತಿಂದು ಹೋದಳು ಅಂತ ಬೀದಿಯೆಲ್ಲ ಆಡ್ಕೊಳ್ತಿದೆ."

"ಹೃದಯ ನಿಂತು ಹೋದಳು ಅಂತ ಡಾಕ್ಟರು ಬರೆದುಕೊಟ್ಟಿದಾರೆ."

"ಆ ಚೀಟೀನ ಮನೆಮನೆಗೆ ಹಂಚ್ತೀಯಾ?"

ಮಗಳ ಮೈ ಉರಿಯಿತು. ಬಟ್ಟೆ ಹೊಲಿದು ಬದುಕುವ ಅವಳಿಗೆ ದಾರವನ್ನು ಹಲ್ಲಿನಿಂದ ಕಡಿಯುವ ಅಭ್ಯಾಸ. ಈಗ ಮಾತನ್ನೂ ಹಾಗೆಯೇ ಹಲ್ಲಿನ ನಡುವೆ ಹಿಡಿದಳು. ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ತಾಯಿ ಮಲಗಿದ್ದಳು. ಮೈ ತೊಳೆದವರು ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಹಸಿರು ಹೋಗಿರಲಿಲ್ಲ. ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಅಷ್ಟರೊಳಗೆ ಒಬ್ಬ ಬರಬೇಕಿತ್ತು, ಬಂದು ಒಂದು ಮಾತು ಹೇಳಬೇಕಿತ್ತು. ಹೇಳದಿದ್ದರೆ ಆ ಮಾತು ತಾಯಿಯ ಜೊತೆಯೇ ಮಣ್ಣು ಸೇರುತ್ತಿತ್ತು. ಮೇಲೆ ಉಳಿಯುವುದು ವಿಷ ಮಾರಿದವಳೆಂಬ ಹೆಸರೊಂದೇ.

*

ಬೀದಿಯವರು ತಾಯಿಯನ್ನು ಕರೆಯುತ್ತಿದ್ದುದೇ ಮೂರ್ನೀರಮ್ಮ ಎಂದು. ರೈಲು ಹಳಿಯ ಪಕ್ಕ, ಪಾಳು ಗೋಡೆಯ ಬುಡ, ಯಾರೂ ಬಿತ್ತದ ಜಾಗದಲ್ಲಿ ದೇವರು ಬಿತ್ತಿದ್ದನ್ನು ಅವಳು ಬಗ್ಗಿ ಕೀಳುತ್ತಿದ್ದಳು. ಗಡಿಯಾರ ರಿಪೇರಿ ಅಂಗಡಿಯ ಮುಂದಿನ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತರೆ ಕೊಳ್ಳುವವರಿಗಿಂತ ಪಾಠ ಕೇಳುವವರೇ ಹೆಚ್ಚು.

"ದಂಟು ಕೆಂಪಾಗೋ ಮೊದಲು ಕೀಳಬೇಕು ತಾಯೀ. ಬೇರು ಮುಟ್ಟಬಾರದು. ಕುದಿಸಿ ಚೆಲ್ಲು, ಹೊಸ ನೀರು ಹಾಕಿ ಕುದಿಸಿ ಚೆಲ್ಲು, ಇನ್ನೊಂದು ಸಲ ಕುದಿಸಿ ಚೆಲ್ಲು. ಮೂರು ನೀರು. ಎರಡೂಮುಕ್ಕಾಲು ಅಲ್ಲ. ಆಗಲೇ ಇದರ ನಂಜು ಇಳಿಯೋದು."

"ಸೊಪ್ಪು ತಿನ್ನೋಕೆ ಇಷ್ಟು ಶಾಸ್ತ್ರಾನಾ?" ಎಂದು ಗಡಿಯಾರದವನು ಒಳಗಿನಿಂದ ನಗುತ್ತಿದ್ದ.

"ನಿನ್ನ ಗಡಿಯಾರದ ಒಂದು ಹಲ್ಲು ಬಿಟ್ಟರೆ ನಡೆಯುತ್ತೇನಪ್ಪ?"

ಬೇಯಿಸಿ ತಂದ ಸೊಪ್ಪಿನ ಡಬ್ಬಿಯೊಂದು ಸದಾ ಪಕ್ಕದಲ್ಲಿರುತ್ತಿತ್ತು. ಹೊಸಬರು ಯಾರೇ ಕೊಳ್ಳಲಿ, ಮೊದಲ ತುತ್ತನ್ನು ಅವರೆದುರು ತಾನೇ ತಿನ್ನುತ್ತಿದ್ದಳು. ಅದೇ ಅವಳ ರಸೀತಿ.

*

ಒಂಬತ್ತೂವರೆಗೆ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವನು ಬಂದ. ಬಂದವರಿಗೆಂದು ದೊಡ್ಡ ಫ್ಲಾಸ್ಕಿನಲ್ಲಿ ಟೀ ತಂದಿದ್ದ. ತಾಯಿಯ ಕಾಲ ಬಳಿ ನಿಂತು ಕಣ್ಣು ಒರೆಸಿಕೊಂಡ. ಲೋಟಗಳನ್ನು ಜೋಡಿಸಲು ಹೊರಟ.

"ಅಷ್ಟೇನಾ ಅಣ್ಣಾ?" ಮಗಳು ಅಡ್ಡ ನಿಂತಳು. "ಟೀ ಕೊಡೋಕೆ ಬಂದ್ರಾ?"

"ತಂಗೀ, ಈ ಹೊತ್ತಲ್ಲಿ ಬೇಡಮ್ಮ..."

"ಇನ್ಯಾವ ಹೊತ್ತಲ್ಲಿ? ಏಳು ವರ್ಷದಲ್ಲಿ ಒಂದೇ ಒಂದು ಹೊತ್ತು ಸಿಗಲಿಲ್ವಾ ನಿಮಗೆ?"

ಅವನು ಲೋಟಗಳನ್ನು ಕೆಳಗಿಟ್ಟ.

*

ಏಳು ವರ್ಷದ ಹಿಂದೆ ಆ ಕ್ಯಾಂಟೀನಿನಲ್ಲಿ ತಾಯಿಯಿಂದ ಕೊಂಡ ಸೊಪ್ಪಿನ ಅಡುಗೆ ಉಂಡ ಹನ್ನೊಂದು ಜನ ವಾಂತಿ ಮಾಡಿ ಆಸ್ಪತ್ರೆ ಸೇರಿದರು. ದೇವರು ದೊಡ್ಡವನು, ಎಲ್ಲರೂ ಎದ್ದು ಮನೆಗೆ ಹೋದರು. ವಿಚಾರಣೆಗೆ ಬಂದ ಅಧಿಕಾರಿ ಇದೇ ನಡುಮನೆಯಲ್ಲಿ ಕೂತು ಕೇಳಿದ: "ಎಷ್ಟು ಸಲ ನೀರು ಚೆಲ್ಲಬೇಕು ಅಂತ ಅಡುಗೆಯವನಿಗೆ ಹೇಳಿದ್ರಿ?"

"ಎರಡು ಸಾಕು ಅಂದುಬಿಟ್ಟೆ ಸ್ವಾಮೀ," ಎಂದಳು ತಾಯಿ. "ತಪ್ಪು ನಂದೇ."

ಮಗಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಇಳಿಯಿತು. ಅಧಿಕಾರಿ ಹೋದ ಮೇಲೆ ಮನೆ ಹಾರಿಹೋಗುವಂತೆ ಕಿರುಚಿದಳು.

"ಆ ಅಡುಗೆಯವನ ಹೆಂಡತಿ ತುಂಬು ಬಸುರಿ. ಕೆಲಸ ಹೋದರೆ ಇರೋ ಮನೇನೂ ಹೋಗುತ್ತೆ," ಎಂದಳು ತಾಯಿ. "ನಂದೇನು, ಒಂದು ಮೂಲೆ ತಾನೇ. ಅವನೇ ಒಂದಿನ ಹೇಳ್ತಾನೆ. ಅವನ ಬಾಯಿಂದಲೇ ಬರಬೇಕು. ನೀನು ಬಾಯಿಬಿಟ್ಟರೆ ನನ್ನ ಮೇಲಾಣೆ."

ಮೂಲೆ ಹೋಯಿತು. "ನನ್ನ ಅಂಗಡಿ ಮುಂದೆ ಕೂರಬೇಡಮ್ಮ, ಜನ ಹೆದರ್ತಾರೆ," ಎಂದವನು ಗಡಿಯಾರದವನೇ. ಆದರೂ ತಾಯಿ ದಿನವೂ ಕೀಳುತ್ತಿದ್ದಳು, ಮೂರು ನೀರು ಚೆಲ್ಲುತ್ತಿದ್ದಳು, ಮೊದಲ ತುತ್ತು ತಿನ್ನುತ್ತಿದ್ದಳು. ಎರಡನೆಯ ತುತ್ತಿಗೆ ಜನವೇ ಇರಲಿಲ್ಲ. ಅಡುಗೆಯವನು ಎದುರು ಸಿಕ್ಕರೆ "ಮಗು ಹೇಗಿದೆ?" ಎಂದು ಕೇಳುತ್ತಿದ್ದಳು. ತಾಯಿಯ ಆ ತಾಳ್ಮೆಯ ಮೇಲೆಯೇ ಮಗಳಿಗೆ ಹೆಚ್ಚು ಸಿಟ್ಟು.

*

ಮಗಳು ಅಂಗಳದಲ್ಲಿ ಸ್ಟೋವ್ ಹಚ್ಚಿ ಪಾತ್ರೆ ಇಟ್ಟಳು. ಬುಟ್ಟಿ ತಂದು ಅಡುಗೆಯವನ ಮುಂದೆ ಕುಕ್ಕಿದಳು.

"ಬೇಯಿಸಿ. ನಿನ್ನೆ ಕಿತ್ತು ತಂದದ್ದು, ಅವಳ ಕೊನೇ ಸೊಪ್ಪು. ಅವಳು ಕಲಿಸಿದ ಹಾಗೇ ಬೇಯಿಸಿ."

"ಹುಚ್ಚು ಹಿಡೀತೇನೇ ನಿನಗೆ?" ಎಂದಳು ಚಿಕ್ಕಮ್ಮ. ಜನ ಬಾಗಿಲಿಗೆ ಬಂದು ನಿಂತರು.

ಅಡುಗೆಯವನು ಸ್ಟೋವಿನ ಮುಂದೆ ಕೂತ. ಎಳೆ ಎಲೆ ಉಳಿಸಿ ಬಲಿತದ್ದನ್ನು ತೆಗೆದ, ತೊಳೆದ, ಕುದಿಸಿದ. ಮೊದಲ ನೀರು ಕಡುಹಸಿರಾಗಿ ಚರಂಡಿಗೆ ಹರಿಯಿತು. ಹೊಸ ನೀರು ಸುರಿದ. ಅದೂ ಕುದಿಯಿತು. ಅದನ್ನು ಬಸಿದವನೇ ಮತ್ತೆ ಹೊಸ ನೀರಿಗೆ ಕೈ ಚಾಚಿದ.

ಗುಂಪಿನಿಂದ ಗಡಿಯಾರದವನು ಗೊಣಗಿದ: "ಎರಡಾಯ್ತಲ್ಲ, ಸಾಕು. ಆಯಮ್ಮನೇ ಎರಡು ಸಾಕು ಅಂದಿದ್ದಳಂತಲ್ಲ."

ಅಡುಗೆಯವನ ಕೈಯ ತಂಬಿಗೆ ಹಾಗೇ ನಿಂತಿತು.

"ಅವರು ಹಾಗೆ ಹೇಳಲಿಲ್ಲ," ಎಂದ ಅವನು, ತಲೆ ಎತ್ತದೆ.

"ಕೇಳಿಸಲಿಲ್ಲ," ಎಂದಳು ಮಗಳು. "ಒಳಗೆ ಮಲಗಿದಾಳಲ್ಲ, ಅವಳಿಗೆ ಕೇಳೋ ಹಾಗೆ ಹೇಳಿ."

ಅವನು ಎದ್ದು ನಿಂತ. "ಮೂರ್ನೀರಮ್ಮ ಮೂರು ಅಂತಲೇ ಹೇಳಿದ್ರು! ಹತ್ತು ಸಲ ಹೇಳಿದ್ರು. ಮೂರನೇ ನೀರು ನೋಡೋಕೆ ಚೆನ್ನಾಗಿತ್ತು, ಸತ್ವ ಯಾಕೆ ಚೆಲ್ಲೋದು ಅಂತ ನಾನು ಬೇಳೆಗೆ ಸುರಿದೆ. ನನ್ನ ಜಾಣತನ. ಅವರು ಅದನ್ನ ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ನಾನು... ಹಾಕ್ಕೊಳ್ಳೋಕೆ ಬಿಟ್ಟೆ."

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕ್ಷಮಿಸು ತಂಗೀ."

"ಕ್ಷಮಿಸೋಳು ಒಳಗಿದಾಳೆ. ಇಷ್ಟು ದಿನ ಬದುಕಿಯೂ ಇದ್ದಳು," ಎಂದಳು ಮಗಳು. "ನೀರು ಹಾಕಿ. ಮೂರನೇದು ಬಾಕಿ ಇದೆ."

ಮೂರನೆಯ ನೀರು ಕುದಿಯುವಾಗ ಗಾಡಿ ಬಂದು ಹಾರ್ನ್ ಹಾಕಿತು. ಯಾರೂ ಕದಲಲಿಲ್ಲ. ಅವನು ಬಸಿದ ನೀರು ಈ ಸಲ ತಿಳಿಯಾಗಿತ್ತು. ಕಲ್ಲುಚಪ್ಪಡಿಯ ಮೇಲೆ ಹರಿದಾಗ ಚಪ್ಪಡಿಯ ಬಿರುಕು ಕಾಣುತ್ತಿತ್ತು. ಮಗಳು ತಟ್ಟೆಗೆ ಸೊಪ್ಪು ಸುರಿದು ಮೊದಲ ತುತ್ತನ್ನು ತಾನೇ ಬಾಯಿಗಿಟ್ಟಳು. ಅಗಿದಳು. ನುಂಗಿದಳು. ತಟ್ಟೆಯನ್ನು ಗಡಿಯಾರದವನ ಎದೆಗೆ ತಾಗುವಂತೆ ಹಿಡಿದಳು.

"ತಗೊಳ್ಳಿ."

"ನನಗೆ ಹೊಟ್ಟೆ..."

"ತಗೊಳ್ಳಿ ಅಂದೆ."

ಅವನು ಎರಡು ಬೆರಳಲ್ಲಿ ಚಿವುಟಿ ತಿಂದ. ಚಿಕ್ಕಮ್ಮ ತಾನಾಗಿಯೇ ಕೈ ಚಾಚಿದಳು. ತಟ್ಟೆ ಕೈಯಿಂದ ಕೈಗೆ ಹೋಗಿ, ಕೊನೆಗೆ ಅಡುಗೆಯವನ ಬಳಿ ಬಂದಾಗ ಒಂದೇ ತುತ್ತು ಉಳಿದಿತ್ತು. ಅವನು ಅದನ್ನು ಕಣ್ಣಿಗೊತ್ತಿಕೊಂಡು ತಿಂದ. ಮಗಳು ಅವನತ್ತ ನೋಡಲಿಲ್ಲ.

ಮತ್ತೆ ಹಾರ್ನ್ ಆಯಿತು. ಕೈ ತೊಳೆಯಲು ಯಾರಿಗೂ ಹೊತ್ತಿರಲಿಲ್ಲ. ಎಲ್ಲರೂ ಒಳಹೋಗಿ ಹೊದಿಕೆಯ ಅಂಚು ಒಟ್ಟುಮಾಡಿ ಹಿಡಿದು, ಮೂರ್ನೀರಮ್ಮನನ್ನು ಎತ್ತಿ ತಂದು ಗಾಡಿಯಲ್ಲಿ ಮಲಗಿಸಿದರು. ಮಗಳು ಬಟ್ಟೆ ಸರಿಮಾಡಲು ಬಾಗಿದಳು. ಬಿಳಿಯ ಅಂಚಿನುದ್ದಕ್ಕೂ, ಹಿಡಿದ ಹಿಡಿದಲ್ಲೆಲ್ಲ, ಹಸಿರು ಬೆರಳಚ್ಚುಗಳು.