ಫ್ಯಾನಿನ ಮೇಲಿನ ಚೆಂಡುಹೂವು

“ಪೊರಕೆ ಹಿಡಿಯೋಕೂ ಕೈ ನಡುಗುತ್ತೇನೇ ನಿಂಗೆ, ದರಿದ್ರ ಮುಂಡೇದೇ!”

ನಿನ್ನೆ ಹೀಗೆ ಬೈದಿದ್ದ ಮ್ಯಾನೇಜರ್ ಸತ್ಯನಾರಾಯಣ ಇವತ್ತು ಹೊಸ ಮಾಸ್ಕ್ ತಂದು, “ಹಾಕ್ಕೊಳ್ಳಿ ಜವರಮ್ಮನವರೇ” ಎಂದ. ಜವರಮ್ಮ ಮಾಸ್ಕ್ ಹಾಕಿಕೊಂಡು ಅವನ ಮುಖವನ್ನೇ ನೋಡಿದಳು. ಮನೆಗೆಲಸಕ್ಕೆಂದು ಚಾಮರಾಜನಗರದಿಂದ ಕರೆತಂದು, ಅಮೆರಿಕದ ಟಕ್ವಿಲಾ ಊರಿನ ಈ ಬಂದೂಕು ಕಾರ್ಖಾನೆಯಲ್ಲಿ ಗುಡಿಸಲು ಹಚ್ಚಿ, ಅವಳ ಪಾಸ್‌ಪೋರ್ಟನ್ನು ತನ್ನ ಬೀರುವಿನಲ್ಲಿಟ್ಟುಕೊಂಡವನು ಎರಡು ವರ್ಷದಲ್ಲಿ ಒಮ್ಮೆಯೂ ಬಹುವಚನ ಕೊಟ್ಟಿರಲಿಲ್ಲ.

“ಯಾಕ್ ಬುದ್ಧಿ, ಇವತ್ತೇನು?”

“ಗೌರ್ಮೆಂಟಿನವ್ರು ಬರ್ತಿದಾರೆ. ನಿಮ್ಮಂಥೋರ ಆರೋಗ್ಯಕ್ಕೆ ಅಂತ್ಲೇ ಗ್ರಾಂಟ್ ಕೊಟ್ಟು ಧೂಳೆಳೆಯೋ ಈ ಫ್ಯಾನ್ ಹಾಕ್ಸಿರೋದು. ಕೇಳಿದ್ರೆ ದಿನಾ ಓಡುತ್ತೆ ಅನ್ನು. ಬಾಲ ಬಿಚ್ಚಿದ್ಯೋ, ಪಾಸ್‌ಪೋರ್ಟ್ ಒಲೆಗೆ!”

ಗೇಟಿನಾಚೆ, ಬಂದೂಕು ಮಾರಾಟ ನಿಲ್ಲಿಸಿ ಎಂದು ಫಲಕ ಹಿಡಿದವರು ಕೂಗುತ್ತಿದ್ದರು.

“ಆಚೆ ನಿಂತೋರು ಬ್ಯಾಡ ಅಂತರೆ, ಗೌರ್ಮೆಂಟ್ನೋರು ಮಾಡೋನ್ಗೇ ದುಡ್ ಕೊಡ್ತರೆ. ಯಾರ್ನ ನಂಬದು?” ಜವರಮ್ಮ ಗೊಣಗಿದಳು.

ಬಂದೂಕುಗಳನ್ನು ಹಾರಿಸಿ ನೋಡುವ ಕೋಣೆ ಅವಳ ಪಾಲಿನದು. ನೆಲದ ತುಂಬ ಗುಂಡುಗಳಿಂದ ಉದುರಿದ ಸೀಸದ ಧೂಳು. ಅದು ಅವಳ ರಕ್ತಕ್ಕಿಳಿದಿದೆ, ಕೈ ನಡುಗುವುದು ಅದಕ್ಕೇ, ಇನ್ನೂ ಅಲ್ಲೇ ಇದ್ದರೆ ಉಳಿಯುವುದಿಲ್ಲ ಎಂದು ಧರ್ಮಾಸ್ಪತ್ರೆಯ ಡಾಕ್ಟರು ಹೇಳಿದ್ದರು. ಜೊತೆಗೆ ಗುಡಿಸುವ ಮೆಕ್ಸಿಕೋದ ಹೆಂಗಸು ದಿನವೂ ತನ್ನ ಕರವಸ್ತ್ರವನ್ನು ಒದ್ದೆಮಾಡಿ ಜವರಮ್ಮನ ಮೂಗಿಗೆ ಕಟ್ಟುತ್ತಿದ್ದಳು. ಅವಳ ಬಳಿ ಇದ್ದದ್ದು ಅದೊಂದೇ ಕರವಸ್ತ್ರ.

ನರೆಗೂದಲಿನ ಅಧಿಕಾರಿಣಿ ಬಂದಳು. ಫ್ಯಾನ್ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಸತ್ಯನಾರಾಯಣ ಕನ್ನಡಕ್ಕೆ ತಿರುಗಿಸಿದ.

“ದಿನಾ ಓಡುತ್ತಾ ಅಂತ ಕೇಳ್ತಿದಾರೆ. ಹೇಳಮ್ಮ.”

“ಬಂದಾಗಿಂದ ಒಂದಿನಾನೂ ತಿರುಗಿಲ್ಲ. ವೈರನ್ನೇ ಎಳ್ದಿಲ್ಲ.”

ಸತ್ಯನಾರಾಯಣ ನಗುನಗುತ್ತ ಉದ್ದಕ್ಕೆ ಇಂಗ್ಲಿಷಿನಲ್ಲಿ ಹೇಳಿದ. ಅಧಿಕಾರಿಣಿಯೂ ನಕ್ಕು ಬರೆದುಕೊಂಡಳು. ಆ ನಗುವಿನಲ್ಲೇ ಜವರಮ್ಮನಿಗೆ ಗೊತ್ತಾಯಿತು, ತನ್ನ ಮಾತು ದಾರಿಯಲ್ಲೇ ಸತ್ತಿದೆ.

ಅವಳು ಗೋಡೆಯಲ್ಲಿದ್ದ ಫ್ಯಾನಿನತ್ತ ನೋಡಿದಳು. ತಿಂಗಳ ಹಿಂದೆ, ಆಯುಧಪೂಜೆಯ ದಿನ, ಅವಳನ್ನು ಬಾಗಿಲಾಚೆ ನಿಲ್ಲಿಸಿ ಸತ್ಯನಾರಾಯಣನೇ ಅದಕ್ಕೆ ಕುಂಕುಮ ಹಚ್ಚಿ, ರೆಕ್ಕೆಯ ಮೇಲೊಂದು ಚೆಂಡುಹೂವು ಇಟ್ಟಿದ್ದ. ತೆಗೆಯಲು ಮರೆತಿದ್ದ. ಹೂವು ಇಟ್ಟಲ್ಲೇ ಒಣಗಿತ್ತು.

ಜವರಮ್ಮ ಪೊರಕೆ ಎತ್ತಿದಳು.

“ಏಯ್, ಪೂಜೆ ಮಾಡಿದ್ದಕ್ಕೆ ಪೊರಕೆ ಮುಟ್ಟಿಸ್ತೀಯೇನೇ ಬೇವರ್ಸಿ!”

ಪೊರಕೆಯ ಹಿಡಿಯಿಂದ ರೆಕ್ಕೆಯನ್ನು ತಳ್ಳಿದಳು. ಅದು ಅರ್ಧ ಸುತ್ತು ತಿರುಗುವುದರೊಳಗೆ ಹೂವು ಕೆಳಗೆ ಬಿತ್ತು. ಸೀಸದಿಂದ ಕಪ್ಪಾಗಿದ್ದ ಅದನ್ನು ಆರಿಸಿ, ನಡುಗುವ ಕೈಯಿಂದಲೇ ಅಧಿಕಾರಿಣಿಯ ಅಂಗೈಗಿಟ್ಟಳು.

ಅಧಿಕಾರಿಣಿ ಫ್ಯಾನನ್ನು ನೋಡಿದಳು, ಹೂವನ್ನು ನೋಡಿದಳು. ನಗು ಇಳಿಯಿತು. ಬೆರಳುಗಳು ಹೂವಿನ ಮೇಲೆ ಮಡಚಿಕೊಂಡವು. ಕಾಯಲಿಕ್ಕೋ, ಮುಚ್ಚಿಹಾಕಲಿಕ್ಕೋ, ಜವರಮ್ಮನಿಗೆ ತಿಳಿಯಲಿಲ್ಲ.

ಅವಳು ತನ್ನ ಮಾಸ್ಕ್ ಕಿತ್ತು ಸತ್ಯನಾರಾಯಣನ ಮುಂದೆ ಎಸೆದಳು.

“ಈಗ ಯೋಳು, ಇದ್ನೂ ಇಂಗ್ಲೀಸಲ್ಲಿ.”