ಮಕ್ಕಳ ಬೆಟ್ಟಕ್ಕೆ ಹಲಗೆ

ಮೊಟ್ಟೆ ಸ್ಯಾಂಡ್‌ವಿಚ್ಚಿನ ನಾತ, ಅದರ ಮೇಲೆ ಒದ್ದೆ ಕುರಿಗಳ ನಾತ, ಎರಡರ ನಡುವೆ ಕೌನ್ಸಿಲರ್ ಟರ್ಲಾನ ಸೆಂಟು, ಡೆಲಿಯಾಳ ಕೈಗೆ ಪರದೆಯ ದಾರ ಬೇರೆ ತುರುಕಿದ್ದಾನೆ, ಊರಿಗೇ ಹಿರಿಯರು ನೀವು, ನೀವೇ ಎಳೀಬೇಕು ಡೆಲಿಯಾ, ಹಸು ಬಾಲ ಅಂದ್ಕೊಂಡು ಜಗ್ಗಿ — ನೆರೆದವರೆಲ್ಲ ನಗುತ್ತಾರೆ, ಹಲ್ಲಿಗೆ ಮೊಟ್ಟೆ ಮೆತ್ತಿಕೊಂಡೇ ನಗುತ್ತಾರೆ, ಪರದೆಯ ಹಿಂದಿನ ಹಲಗೆಯಲ್ಲಿ ಏನಿದೆಯೆಂದು ಟರ್ಲಾ ಆಗಲೇ ಭಾಷಣ ಬಿಗಿದಾಯಿತು, ಹಳೆಯ ಐರಿಷ್ ಹೆಸರು ಕ್ನೊಕ್ ನಾ ಲ್ಯಾನವ್, ಅಂದರೆ ಮಕ್ಕಳ ಬೆಟ್ಟ, ಬೆಳದಿಂಗಳಲ್ಲಿ ಕಿನ್ನರಿಯರ ಮಕ್ಕಳು ಇಲ್ಲಿ ಕುಣಿಯುತ್ತಿದ್ದರಂತೆ, ಥೂ, ಕುಣಿಯುತ್ತಿದ್ದರಂತೆ, ಪಕ್ಕದ ದೊಡ್ಡ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವ ಯಾತ್ರಿಕರು ಈ ಗುಡ್ಡದ ಕಡೆ ತಿರುಗಿಯೂ ನೋಡಿದವರಲ್ಲ, ಇನ್ನು ಬಸ್ಸಿನಲ್ಲಿ ಬಂದು ಕಥೆ ಕೇಳಿ ಕಾಫಿ ಕುಡಿಯಬೇಕಂತೆ — ಅವಳು ಚಿಕ್ಕವಳಿದ್ದಾಗ ಅಪ್ಪ ಈ ಗುಡ್ಡ ಹತ್ತಿದ್ದು ಹೊತ್ತು ಮುಳುಗಿದ ಮೇಲೆ, ಕಂಕುಳಲ್ಲಿ ಬೆಣ್ಣೆ ತುಂಬುವ ಪೆಟ್ಟಿಗೆ, ಕೈಯಲ್ಲಿ ಸಲಿಕೆ, ಎಲ್ಲಿಗಪ್ಪಾ, ಒಳಗ್ ಹೋಗು ಮಗಾ, ಅಮ್ಮನ ಹತ್ರ ಇರು, ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಅಂಗಿಯ ಎದೆ ಹಾಲಿನಿಂದ ಒದ್ದೆ, ಕುಡಿಯಬೇಕಾದ ಬಾಯಿ ಪೆಟ್ಟಿಗೆಯೊಳಗೆ, ಬೆಳಿಗ್ಗೆ ಹಳೆಯ ಪಾದ್ರಿ ಬಂದಿದ್ದ, ದೀಕ್ಷಾಸ್ನಾನ ಆಗ್ದೆ ಸತ್ತ ಕೂಸಿಗೆ ಚರ್ಚಿನ ಮಣ್ಣಲ್ಲಿ ಜಾಗ ಇಲ್ಲ ಮಾರ್ಟಿನ್, ನಾನೇನ್ ಮಾಡ್ಲಿ, ಅಪ್ಪನಿಗೆ ಹೀಗೆ ಹೇಳುತ್ತಲೇ ಅಜ್ಜಿ ಕೊಟ್ಟ ಚಹಾ ಪೂರ್ತಿ ಕುಡಿದ, ತಳದ ಸಕ್ಕರೆಯನ್ನೂ ಬೆರಳಿಂದ ಬಳಿದು ನೆಕ್ಕಿದ — ಹಾಗೆ ಮನೆಮನೆಯ ಪೆಟ್ಟಿಗೆಗಳು ಹತ್ತಿ ಹತ್ತಿ ಈ ಬೆಟ್ಟಕ್ಕೆ ಹೆಸರು ಬಂತು, ಕುಣಿತದಿಂದಲ್ಲ, ಗುರುತಿಗಿಟ್ಟ ಈ ಬಿಳಿಗಲ್ಲುಗಳ ಕೆಳಗೆ ಇಲ್ಲಿ ನಿಂತವರಲ್ಲಿ ಯಾರ ಮನೆಯ ಕೂಸಿಲ್ಲ, ಟರ್ಲಾನ ಮನೆಯದೇ ಇಲ್ಲವೇ, ಬಾಯಿಗೆ ಬ್ರೆಡ್ಡು ತುರುಕಿಕೊಂಡರೆ ಹೇಳುವ ಕಷ್ಟ ತಪ್ಪುತ್ತದೆ, ದಾರ ಎಳೆದರೆ ತಾನೂ ಅವರಲ್ಲೊಬ್ಬಳು, ಡೆಲಿಯಾನೇ ಎಳೆದಳಲ್ಲ ಅನ್ನುತ್ತಾರೆ, ಪೆಟ್ಟಿಗೆಯಲ್ಲಿ ಹೋದ ತಮ್ಮನೂ ಕಿನ್ನರಿಯ ಮಗನಾಗಿಬಿಡುತ್ತಾನೆ — ಬೇಗ ಡೆಲಿಯಾ, ಮಳೆ ಬರೋ ಹಾಗಿದೆ, ಇವನು ಹೊಸ ಪಾದ್ರಿ ಕ್ವಿಲ್ಟಿ, ಎಳೆಯ ಮುಖ, ಕೈಯಲ್ಲಿ ಪವಿತ್ರಜಲದ ಬಟ್ಟಲು, ಕುಂಚ, ಹಲಗೆಗೆ ಚಿಮುಕಿಸಲು ಬಂದಿದ್ದಾನೆ, ಹಲಗೆಗೆ, ಮರದ ತುಂಡಿಗೆ ಸಿಗುತ್ತದೆ ನೀರು, ದಾರ ಬೆರಳಿಂದ ಜಾರಿತು, ಇಲ್ಲ, ಬಿಟ್ಟಳು, ಅವಳೇ ಬಿಟ್ಟಳು, ಹಲಗೆಗೆ ಆಮೇಲೆ ಫಾದರ್, ಮೊದಲು ನನ್ನ ತಮ್ಮನಿಗೆ ಹಾಕಿ, ಅಲ್ಲೇ ಇದಾನೆ, ನಿಮ್ಮ ಕಾಲ ಹತ್ರ — ವಯಸ್ಸಾಯ್ತು ಪಾಪ, ಎಂದು ಟರ್ಲಾ ನಗಲು ನೋಡಿದ, ಯಾರೂ ಜೊತೆ ಕೊಡಲಿಲ್ಲ, ಪಾದ್ರಿಯ ಕೈ ಎತ್ತಿದಲ್ಲೇ ನಿಂತಿದೆ, ಕುಂಚದ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಮಣ್ಣಿಗಲ್ಲ, ಅವನ ಮಿರುಗುವ ಬೂಟಿನ ಮೇಲೆ, ಇನ್ನೊಂದು ತೊಟ್ಟು, ಬೂಟಿನ ಮೇಲೆ, ಇನ್ನೊಂದು, ಬೂಟಿನ ಮೇಲೆ